ಬಲೆಯ ಕಣ್ಣೂ ಬೆಸ್ತನ ಒಲೆಯೂ

ಹೊಳೆಯಲ್ಲಿ ಮೀನು ಹಿಡಿದು ಜೀವನ ಮಾಡುವ ಮನುಷ್ಯನಿಗೆ, ಮೀನು ಮೊಟ್ಟೆಯಿಡುವ ಕಾಲ ಬಂತು, ಬಲೆಯನ್ನು ಮಡಚಿಡು, ಎಂದು ಹೇಳುವದು ನ್ಯಾಯವೋ? ನ್ಯಾಯವೆಂದು ಒಪ್ಪಿದರೆ ಆ ದಿನಗಳಲ್ಲಿ ಅವನ ಒಲೆಯ ಮೇಲೆ ಗಡಿಗೆ ಏರುವದು ಹೇಗೆ? ಅನ್ಯಾಯವೆಂದು ಹೇಳಿದರೆ ಅವನ ಮಗನು ದೊಡ್ಡವನಾಗುವ ಹೊತ್ತಿಗೆ ಹೊಳೆಯಲ್ಲಿ ಮೀನಾದರೂ ಉಳಿಯುವದೋ? ಈ ಪ್ರಶ್ನೆಗಳು ಒಂದರೊಡನೊಂದು ಜಗಳವಾಡುವಂತೆ ಕಾಣುತ್ತವೆ. ಪಟ್ಟಣದಲ್ಲಿ ಕೂತು ಪುಸ್ತಕ ಓದಿದವನು ಮೀನಿನ ಪಕ್ಷವನ್ನೂ, ಚುನಾವಣೆಯ ಕಾಲದಲ್ಲಿ ಊರಿಗೆ ಬಂದವನು ಬೆಸ್ತನ ಪಕ್ಷವನ್ನೂ ಹಿಡಿಯುವದುಂಟು. ನಾವು ಈ ಲೇಖನದಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಬೇಕೆಂದಿದ್ದೇವೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದರೆ ಎರೆಭೂಮಿ, ಜೋಳ, ಬಿಸಿಲು; ಮೀನಿನ ಮಾತು ಕಡಲಂಚಿನವರಿಗೆ ಸೇರಿದ್ದು, ನಮಗೇಕೆ, ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ನಮ್ಮ ಸೀಮೆಯು ಎರಡು ಮಹಾನದಿಗಳ ನಡುವಣ ನೆಲವಾಗಿದೆ. ಲಿಂಗಸುಗೂರಿನ ಉತ್ತರದ ಎಲ್ಲೆಗೆ ಕೃಷ್ಣೆಯೂ ಅದರ ನಡುವೆ ಜಲದುರ್ಗದ ದ್ವೀಪವೂ ಇವೆ. ಸಿಂಧನೂರಿನ ದಕ್ಷಿಣಕ್ಕೆ ದಢೇಸುಗೂರು, ಮುಕ್ಕುಂದಗಳನ್ನು ತಾಕಿಕೊಂಡು ತುಂಗಭದ್ರೆ ಹರಿಯುತ್ತಾಳೆ. ನಡುವೆ ಮಸ್ಕಿಯ ಹಳ್ಳಕ್ಕೆ ಮಾರಲದಿನ್ನಿಯ ಬಳಿ ಕಟ್ಟಿದ ಜಲಾಶಯವಿದೆ. ಈ ನೀರುಗಳ ದಂಡೆಯಲ್ಲಿ ಬೆಸ್ತರು, ಅಂಬಿಗರು, ಕಬ್ಬಲಿಗರು ಎಂದು ಕರೆಯಲ್ಪಡುವವರು ತಲೆತಲಾಂತರದಿಂದ ಹರಿಗೋಲನ್ನೂ ಬಲೆಯನ್ನೂ ನಂಬಿಕೊಂಡು ಬಂದಿದ್ದಾರೆ. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಸುತ್ತ ಆರ್.ಎಚ್. ಕ್ಯಾಂಪುಗಳೆಂಬ ಊರುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳಿಗಂತೂ ಮೀನಿಲ್ಲದ ಊಟ ಊಟವೇ ಅಲ್ಲ. ಹೀಗಿರುವಲ್ಲಿ ಈ ಪ್ರಶ್ನೆ ನಮ್ಮ ಸಂತೆಯೊಳಗಿನದೇ ಆಗಿರುತ್ತದೆ.

ಮೊದಲು ಮೀನಿನ ಮಾತನ್ನು ಕೇಳೋಣ. ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಗೆಂಡೆಗಳು ನಿಂತ ನೀರಿನಲ್ಲಿ ಸ್ವಾಭಾವಿಕವಾಗಿ ಮೊಟ್ಟೆಯಿಡುವದಿಲ್ಲ. ಮುಂಗಾರಿನಲ್ಲಿ ಹೊಸ ನೀರು ಕೆಂಪಾಗಿ ಇಳಿದು ಬರುವಾಗ ಅವು ಪ್ರವಾಹಕ್ಕೆ ಎದುರಾಗಿ ಏರಿ, ದಂಡೆ ಮುಳುಗಿದ ತೆಳುನೀರಿನಲ್ಲಿ ಮೊಟ್ಟೆ ಬಿಡುತ್ತವೆ. ರೋಹುವಿನ ಒಂದು ಹೆಣ್ಣು ತನ್ನ ತೂಕದ ಕಿಲೋ ಒಂದಕ್ಕೆ ಸುಮಾರು ಎರಡು ಲಕ್ಷದಷ್ಟು ಮೊಟ್ಟೆಗಳನ್ನು ಹೊತ್ತಿರುತ್ತದೆ. ಇದನ್ನು ಕೇಳಿದವರು, ಇಷ್ಟು ಸಮೃದ್ಧಿಯಿರುವಾಗ ನಾಲ್ಕು ಮೀನು ಹಿಡಿದರೆ ಏನು ನಷ್ಟ, ಎನ್ನುತ್ತಾರೆ. ಆದರೆ ಆ ಲಕ್ಷಗಳಲ್ಲಿ ಬಹುಪಾಲು ಮತ್ತೊಂದು ಮೀನಿಗೋ ಕಪ್ಪೆಗೋ ಒಣಗಿಹೋದ ಕೆಸರಿಗೋ ಪಾಲಾಗಿ, ಬೆಳೆದು ತಿರುಗಿ ಮೊಟ್ಟೆಯಿಡುವ ಮಟ್ಟಕ್ಕೆ ಬರುವವು ಬೆರಳೆಣಿಕೆಯವು. ಅದಕ್ಕೂ ಎರಡು ವರುಷಗಳಾದರೂ ಬೇಕು. ಆದಕಾರಣ ಹೊಸ ನೀರಿನಲ್ಲಿ ಏರಿ ಬರುವ ಬಸುರಿ ಮೀನನ್ನು ಬಲೆಯಲ್ಲಿ ಎತ್ತಿದವನು ಒಂದು ಮೀನನ್ನು ಹಿಡಿದವನಲ್ಲ, ಬಿತ್ತನೆಯ ಮೂಟೆಯನ್ನೇ ಕುಟ್ಟಿ ಉಂಡವನು. ಕೊರವ ಮೀನಿನ ವಿಷಯ ಇನ್ನೂ ಕರುಣಾಜನಕವಾದದ್ದು. ಅದು ತನ್ನ ಮರಿಗಳ ಹಿಂಡನ್ನು ಕಾಯುತ್ತಾ ಅವುಗಳ ಕೆಳಗೇ ತಿರುಗುತ್ತಿರುವದರಿಂದ, ನೀರಿನ ಮೇಲೆ ಮರಿಗಳು ಗುಳುಗುಳಿಸುವದನ್ನು ಕಂಡು ಗಾಳ ಹಾಕಿದರೆ ತಾಯಿತಂದೆಗಳು ಸುಲಭವಾಗಿ ಸಿಕ್ಕುತ್ತವೆ. ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ.

ಮುಂಗಾರಿಗಿಂತಲೂ ಕಠಿಣವಾದ ಕಾಲ ಬೇಸಿಗೆ. ಚೈತ್ರ ವೈಶಾಖಗಳಲ್ಲಿ ಅಣೆಕಟ್ಟಿನ ಕೆಳಗಣ ತುಂಗಭದ್ರೆಯು ಬಂಡೆ ಮರಳುಗಳ ನಡುವೆ ಮಡುಗಳಾಗಿ ತುಂಡಾಗಿ ನಿಲ್ಲುತ್ತಾಳೆ. ಆಗ ಹೊಳೆಯ ಮೀನೆಲ್ಲಾ ಆ ಮಡುಗಳಲ್ಲಿ ಕೂಡಿರುತ್ತದೆ. ಮುಂದಿನ ವರುಷದ ಹೊಳೆಗೆ ಅದೇ ಬೀಜ. ಆದರೆ ನಮ್ಮ ಸೀಮೆಯಲ್ಲಿ ಹೊಲದಲ್ಲಿ ಕೂಲಿಯಿಲ್ಲದೆ, ಹಗೇವಿನಲ್ಲಿ ಜೋಳವಿಲ್ಲದೆ, ಜನರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುವ ತಿಂಗಳುಗಳೂ ಅವೇ. ಮೀನು ಅತಿ ಸುಲಭವಾಗಿ ಸಿಕ್ಕುವ ಕಾಲ, ಅದನ್ನು ಹಿಡಿದರೆ ಅತಿ ಹೆಚ್ಚು ಕೆಡುಕಾಗುವ ಕಾಲ, ಬಡವನಿಗೆ ಅದು ಅತಿ ಹೆಚ್ಚು ಬೇಕಾದ ಕಾಲ, ಈ ಮೂರೂ ಒಂದೇ. ಮಡುವಿನ ದಂಡೆಯಲ್ಲಿ ನಿಂತು ಬಲೆ ಹಿಡಿದವನನ್ನು, ನೀನು ಅತ್ಯಾಶೆಯವನು, ಎಂದು ಬೈಯುವವರು ಇದನ್ನು ಯೋಚಿಸಿರುವದಿಲ್ಲ. ಅವನು ಆಶೆಯಿಂದ ನಿಂತವನಲ್ಲ. ಬೆಂಗಳೂರಿನ ಬಸ್ಸು ಹತ್ತದೆ ಇರುವದಕ್ಕೆ ನಿಂತವನು.

ಮೀನಿಗೆ ಬಿಡುವು ಕೊಡಬೇಕೆಂಬ ಕಟ್ಟಳೆ ಈಚಿನ ಸರಕಾರದವರು ಕಂಡುಹಿಡಿದದ್ದೆಂದು ಯಾರೂ ತಿಳಿಯಬಾರದು. ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬ ದೊರೆಯು ಬಂಡೆಯ ಮೇಲಣ ಬರಹವನ್ನು ಕಂಡನೆಂಬದೂ, ದೇವಾನಾಂಪ್ರಿಯನೆಂದು ಬರೆಯಿಸಿಕೊಂಡ ಅರಸನು ಅಶೋಕನೇ ಎಂಬದು ಆ ಬರಹದಿಂದ ಸ್ಥಿರವಾಯಿತೆಂಬದೂ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದೇ ಅರಸನು ಉತ್ತರದೇಶದ ಕಂಬಗಳ ಮೇಲೆ, ತನ್ನ ಪಟ್ಟಾಭಿಷೇಕದಿಂದ 26 ವರುಷಗಳಾದ ಬಳಿಕ ಕೆತ್ತಿಸಿದ ಐದನೆಯ ಶಾಸನದ ವಿಷಯ ಅಷ್ಟಾಗಿ ತಿಳಿದಿಲ್ಲ. ಅದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಪಟ್ಟಿಯಲ್ಲಿ ಕೆಲವು ಜಾತಿಯ ಮೀನುಗಳೂ ಇವೆ. ಇದಲ್ಲದೆ ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ, ತಿಷ್ಯದ ಹುಣ್ಣಿಮೆಯಲ್ಲಿಯೂ, ಅವುಗಳ ಹಿಂದುಮುಂದಿನ ದಿನಗಳಲ್ಲಿಯೂ, ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಲೂ ಕೂಡದು, ಮಾರಲೂ ಕೂಡದು ಎಂದು ವಿಧಿಸಿದೆ. ಎಲ್ಲಾ ಸೇರಿ ವರುಷಕ್ಕೆ ಸುಮಾರು 56 ದಿನಗಳಾಗುತ್ತವೆಂದು ಪಂಡಿತರು ಲೆಕ್ಕ ಮಾಡಿದ್ದಾರೆ. ಈಗ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ಇರುವ ನಿಷೇಧ 61 ದಿನಗಳದ್ದು. ಎರಡು ಸಾವಿರ ವರುಷಗಳಿಗೂ ಮಿಕ್ಕಿ ಕಳೆದರೂ ಲೆಕ್ಕದಲ್ಲಿ ಐದೇ ದಿನಗಳ ಅಂತರ ಬಂದಿರುವದು ಆಶ್ಚರ್ಯವಲ್ಲವೋ? ಅರಸನ ದಿನಗಳು ವರುಷದಲ್ಲೆಲ್ಲಾ ಹರಡಿದ್ದವು, ನಮ್ಮವು ಮೀನಿನ ಬಸಿರನ್ನು ನೋಡಿ ಒಟ್ಟಿಗೆ ಇಟ್ಟವು, ಎಂಬ ಭೇದವಿದೆ. ಈ ವಿಷಯದಲ್ಲಿ ಈಗಿನವರ ಜ್ಞಾನವೇ ಹೆಚ್ಚಿನದು.

ಆದರೆ ಒಂದು ವಿಷಯದಲ್ಲಿ ಅರಸನ ಕಟ್ಟಳೆ ಈಗಿನದಕ್ಕಿಂತ ನ್ಯಾಯವಾದದ್ದೆಂದು ನಮಗೆ ತೋರುತ್ತದೆ. ಕೊಲ್ಲಬಾರದು ಎಂದಷ್ಟೇ ಹೇಳಿ ಅವನು ಬಿಡಲಿಲ್ಲ, ಮಾರಬಾರದು ಎಂದೂ ಹೇಳಿದನು. ಮಾರುವವನಿಲ್ಲದಿದ್ದರೆ ಕೊಳ್ಳುವವನೂ ಇಲ್ಲ. ಹಾಗಾದರೆ ಆ ದಿನಗಳಲ್ಲಿ ಬೆಸ್ತನ ಕೈ ಬರಿದಾಗುವಂತೆ ಸಾಹುಕಾರನ ತಟ್ಟೆಯೂ ಬರಿದಾಗುವದು. ಅದಕ್ಕಿಂತಲೂ ಮೊದಲು, ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಗಳ ಮೇಲೆಯೂ ಇರುವ ಒಂದನೆಯ ಶಾಸನದಲ್ಲಿ ಅವನು ತನ್ನ ಅಡಿಗೆಮನೆಯ ಲೆಕ್ಕವನ್ನೇ ಬಯಲಿಗಿಟ್ಟಿದ್ದಾನೆ. ಮುಂಚೆ ಅಲ್ಲಿ ದಿನಕ್ಕೆ ಎಷ್ಟೋ ಲಕ್ಷ ಪ್ರಾಣಿಗಳು ಸಾಯುತ್ತಿದ್ದವು. ಶಾಸನದ ಕಾಲಕ್ಕೆ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ಯಾವಾಗಲೂ ಇಲ್ಲ. ಮುಂದೆ ಇವೂ ನಿಲ್ಲುವವು ಎಂಬದೇ ಅದರ ಅರ್ಥ. ಅಂದರೆ ನಿಷೇಧಿಸುವವನು ತನ್ನ ಮನೆಯಿಂದ ಆರಂಭಿಸಿದನು.

ಈ ಅಳತೆಗೋಲನ್ನು ತಂದು ನಮ್ಮ ಹೊಳೆಯ ಬಳಿ ಇಟ್ಟು ನೋಡಿದರೆ ಏನು ಕಾಣುವದು? ತುಂಗಭದ್ರೆಯ ಮೀನಿಗೆ ಕೇಡು ಮಾಡಿದವರಲ್ಲಿ ಬೆಸ್ತನು ಮೊದಲನೆಯವನಲ್ಲ. 1945ರಲ್ಲಿ ಅಸ್ತಿವಾರ ಹಾಕಿ 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು ನಮ್ಮ ಬರಗಾಲದ ಸೀಮೆಯನ್ನು ಭತ್ತದ ಕಣಜವಾಗಿ ಮಾಡಿತು. ಎಡದಂಡೆಯ ಕಾಲುವೆ ಬರದೆ ಇದ್ದರೆ ಇಂದಿನ ಸಿಂಧನೂರು ಇಲ್ಲ. ಅದಕ್ಕಾಗಿ ನಾವು ಕೃತಜ್ಞರು. ಆದರೆ ಪ್ರವಾಹಕ್ಕೆ ಎದುರಾಗಿ ಏರಬೇಕಾದ ಮೀನು ಆ ಗೋಡೆಯನ್ನು ದಾಟಲಾರದು. ಅದರ ಕೆಳಗೆ ಹೊಸ ನೀರು ಮಳೆಯ ಲೆಕ್ಕದಿಂದ ಬರುವದಿಲ್ಲ, ಬಾಗಿಲು ತೆರೆಯುವವರ ಲೆಕ್ಕದಿಂದ ಬರುತ್ತದೆ. ಕಾಲುವೆಯೊಳಗೆ ಬಂದ ಮರಿಗಳು ಕಾಲುವೆ ನಿಂತ ದಿನ ಕೆಸರಿನಲ್ಲಿ ಬಾಯಿಬಿಡುತ್ತವೆ. ಗದ್ದೆಗೆ ಹೊಡೆದ ಔಷಧದ ನೀರು ಹಳ್ಳಕ್ಕೂ ಹಳ್ಳದಿಂದ ಹೊಳೆಗೂ ಇಳಿಯುತ್ತದೆ. ಮೇಲ್ಭಾಗದಲ್ಲಿ, ಹರಿಹರದ ಬಳಿ, 1980ರ ದಶಕದಲ್ಲಿ ಕಾರ್ಖಾನೆಯ ಕೊಳೆನೀರಿನಿಂದ ಹೊಳೆಯ ಮೀನು ಸತ್ತು ತೇಲುತ್ತದೆಂದು ದಂಡೆಯ ಹಳ್ಳಿಗಳವರು ಎದ್ದು ಹೋರಾಡಿದ್ದುಂಟು. ಹುಲ್ಲನ್ನು ಮೇಯುವ ಹರಗಿ ಎಂಬ ಮೀನು ಒಂದಾನೊಂದು ಕಾಲದಲ್ಲಿ ಈ ಹೊಳೆಯ ಹೆಸರುವಾಸಿಯಾದ ಮೀನು. ಈಗ ಅದು ಅಳಿವಿನಂಚಿಗೆ ಬಂದಿದೆ. ಜಲಾಶಯಗಳಿಗೆ ಬಿತ್ತುವ ಕಾಟ್ಲಾ ರೋಹುಗಳು ಗಂಗೆಯ ಕಡೆಯ ಮೀನುಗಳು. ಅವು ಬೆಸ್ತನ ಬುಟ್ಟಿಯನ್ನು ತುಂಬಿಸುತ್ತವೆಂಬದು ನಿಜ, ಹರಗಿಯನ್ನು ತಿರುಗಿ ತರುವದಿಲ್ಲವೆಂಬದೂ ನಿಜ.

2024ನೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಸರಪಣಿ ಕಡಿದು ಕೊಚ್ಚಿಹೋದಾಗ ನಮ್ಮ ಮೂರು ತಾಲೂಕುಗಳಲ್ಲಿ ಭತ್ತದ ಮಾತಲ್ಲದೆ ಬೇರೆ ಮಾತಿರಲಿಲ್ಲ. ಭಯಪಡತಕ್ಕದ್ದೇ ಆಗಿತ್ತು. ಆದರೆ ಒಮ್ಮೆಲೇ ಬಿಟ್ಟ ನೀರಿನಲ್ಲಿ ಯಾರ ಹರಿಗೋಲು, ಯಾರ ಬಲೆ ಹೋಯಿತೆಂದು ವಿಚಾರಿಸುವ ಮಾತನ್ನು ಸಂತೆಯಲ್ಲಿ ನಾವು ಕೇಳಲಿಲ್ಲ. ಯಾವ ನಷ್ಟವು ನಷ್ಟವೆಂದು ಎಣಿಸಲ್ಪಡುತ್ತದೆ, ಯಾವದು ಎಣಿಕೆಗೇ ಬರುವದಿಲ್ಲ, ಎಂಬದರಲ್ಲಿಯೇ ಈ ಪ್ರಶ್ನೆಯ ಅರ್ಧ ಅಡಗಿದೆ.

ಇಷ್ಟನ್ನು ಹೇಳಿ, ಆದಕಾರಣ ಬೆಸ್ತನು ಹೇಗಾದರೂ ಹಿಡಿಯಲಿ, ಎಂದು ನಾವು ತೀರ್ಪು ಕೊಡುವದಿಲ್ಲ. ನೆರೆಯವನ ತಪ್ಪು ದೊಡ್ಡದೆಂಬ ಕಾರಣದಿಂದ ನನ್ನ ಚಿಕ್ಕ ತಪ್ಪು ಸರಿಯಾಗುವದಿಲ್ಲ. ಸೊಳ್ಳೆಪರದೆಯ ಬಟ್ಟೆಯನ್ನು ಬಲೆ ಮಾಡಿ ಬೆರಳುದ್ದದ ಮರಿಗಳನ್ನು ಬಳಿಯುವದೂ, ಮಡುವಿಗೆ ಸಿಡಿಮದ್ದು ಹಾಕಿ ಅಥವಾ ವಿಷ ಕಲಸಿ ದೊಡ್ಡದು ಚಿಕ್ಕದು ಎಲ್ಲವನ್ನೂ ತೇಲಿಸುವದೂ ಜೀವನೋಪಾಯವಲ್ಲ. ಅದು ಬೆಸ್ತನ ಕಸುಬಿಗೇ ಬೆಸ್ತನಲ್ಲದವನ ಬುದ್ಧಿ. 1897ರ ಮೀನುಗಾರಿಕೆಯ ಕಾಯಿದೆಯು ಬ್ರಿಟಿಷ್ ಸೀಮೆಗಳಲ್ಲಿ ಮದ್ದನ್ನೂ ವಿಷವನ್ನೂ ನಿಷೇಧಿಸಿತು. ಆಗ ನಮ್ಮ ಊರುಗಳು ನಿಜಾಮರ ಕೈಯಲ್ಲಿದ್ದವು. ಕಾಯಿದೆ ಬರಲಿ ಬಾರದಿರಲಿ, ಮದ್ದು ಹಾಕಿದ ಮಡುವಿಗೆ ಮರುವರುಷ ಬಲೆ ತೆಗೆದುಕೊಂಡು ಹೋದವನಿಗೆ ಫಲವೇನೆಂದು ಹೇಳಬೇಕಾಗಿಲ್ಲ.

ಹೀಗೆ ತಿಳಿದಿದ್ದರೂ ಮನುಷ್ಯರು ಯಾಕೆ ನಿಲ್ಲುವದಿಲ್ಲ? ದಂಡೆಯವರು ಕೊಡುವ ಉತ್ತರ ಸರಳವಾದದ್ದು: ನಾನು ಬಿಟ್ಟರೆ ಮತ್ತೊಬ್ಬನು ಹಿಡಿಯುತ್ತಾನೆ. ಇದನ್ನು ನೆವವೆಂದು ತಳ್ಳಿಬಿಡುವ ಉಪದೇಶಕರಿದ್ದಾರೆ. ನಮಗೆ ಅದು ನೆವವೆಂದು ತೋರುವದಿಲ್ಲ, ಲೆಕ್ಕವೆಂದು ತೋರುತ್ತದೆ. ಒಬ್ಬನು ತನ್ನ ಹೊಲದಲ್ಲಿ ಬೀಜದ ಜೋಳವನ್ನು ಉಳಿಸಿದರೆ ಅದು ಅವನ ಹಗೇವಿನಲ್ಲಿಯೇ ಇರುವದು. ಹೊಳೆಯಲ್ಲಿ ಒಬ್ಬನು ಉಳಿಸಿದ ಮೀನು ಕೆಳಗಿನ ಊರಿನವನ ಬಲೆಗೆ ಹೋಗುವದು. ಅದಲ್ಲದೆ ಬಲೆ ಕೊಳ್ಳಲು ಮುಂಗಡ ಕೊಟ್ಟ ವ್ಯಾಪಾರಿಯು ದಿನಾಲು ತೂಕ ಕೇಳುತ್ತಾನೆ. ಸಾಲವಿರುವವನಿಗೆ ಉಪವಾಸದ ಸ್ವಾತಂತ್ರ್ಯವೂ ಇಲ್ಲ. ಇಂಥವನಿಗೆ ಸಂಯಮವನ್ನು ಬೋಧಿಸುವ ಮೊದಲು, ಅವನು ಸಂಯಮ ಮಾಡಿದರೆ ಅದರ ಫಲ ಅವನಿಗೇ ಸಿಕ್ಕುವ ದಾರಿಯನ್ನು ತೋರಿಸಬೇಕು. ಒಂದೇ ವರುಷಕ್ಕೆ ಕೆರೆಯನ್ನು ಗುತ್ತಿಗೆ ಹಿಡಿದವನು ಕೆಸರಿನ ತನಕ ಬಳಿದುಕೊಂಡು ಹೋಗುವನು. ಹಲವು ವರುಷಕ್ಕೆ ಹಿಡಿದ ಸಂಘದವರು ಮರಿಯನ್ನು ಬಿಟ್ಟು ದೊಡ್ಡದನ್ನು ಎತ್ತುವರು. ಮನುಷ್ಯರು ಬೇರೆಯಲ್ಲ, ಕಾಲದ ಅಳತೆ ಬೇರೆ.

ಕರಾವಳಿಯವರು ಈ ಹಾದಿಯಲ್ಲಿ ನಮಗಿಂತ ಮುಂಚೆ ನಡೆದವರಾದ್ದರಿಂದ ಅವರ ಅನುಭವವನ್ನು ಕೇಳುವದು ಒಳ್ಳೇದು. ಅಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ಹತ್ತಾರು ಮಂದಿ ದಡದಲ್ಲಿ ನಿಂತು ಎರಡು ಕಡೆಯಿಂದ ಎಳೆದು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆಯನ್ನು ತಂದು, ಬೂತಾಯಿ ಬಂಗುಡೆಗಳ ಹಿಂಡು ದಡಕ್ಕೆ ಬರುವ ಮೊದಲೇ ಸುತ್ತುಹಾಕಿ ಎತ್ತತೊಡಗಿದವು. ಕೆಲವೇ ವರುಷಗಳಲ್ಲಿ ರಂಪಣಿಗಳು ದಡದಲ್ಲಿ ಒಣಗಿದವು. ಅಲ್ಲಿ ಮೀನಿಗೂ ಬೆಸ್ತನಿಗೂ ಜಗಳವಾಗಲಿಲ್ಲ. ದೊಡ್ಡ ಬಲೆಗೂ ಚಿಕ್ಕ ಬಲೆಗೂ ಜಗಳವಾಯಿತು. ಆದಕಾರಣ, ಬೆಸ್ತರ ಜೀವನೋಪಾಯ, ಎಂಬ ಮಾತನ್ನು ಕೇಳಿದಾಗಲೆಲ್ಲಾ, ಯಾವ ಬೆಸ್ತರದು, ಎಂದು ಕೇಳುವದು ನಮ್ಮ ಕರ್ತವ್ಯ.

ಅದಕ್ಕೂ ಹಿಂದೆ, ಬೂತಾಯಿ ಕಡಿಮೆಯಾಯಿತೆಂದು ಮದರಾಸು ಸರಕಾರದವರು 1943ರಲ್ಲಿ ಮರಿಬೂತಾಯಿಯನ್ನು ಹಿಡಿಯುವದಕ್ಕೆ ತಡೆ ಹಾಕಿದರು. ನಡಿಸಲಿಕ್ಕೆ ಆಗದೆ ಕೆಲವೇ ವರುಷಗಳಲ್ಲಿ ತೆಗೆದುಹಾಕಿದರು. ಬೂತಾಯಿಯು ಸಮುದ್ರದ ಶಾಖ ನೀರುಗಳಿಗೆ ತಕ್ಕಂತೆ ತಾನಾಗಿ ಹೆಚ್ಚಿ ತಗ್ಗುವ ಮೀನು ಎಂಬದು ಈಗ ತಿಳಿದಿದೆ. ಮೀನು ಕಾಣದ ವರುಷವೆಲ್ಲಾ ಬೆಸ್ತನ ಅಪರಾಧದ ವರುಷವಲ್ಲವೆಂಬದಕ್ಕೆ ಇದನ್ನು ಇಲ್ಲಿ ಹೇಳಿದೆವು.

ಈಗ ನಿಷೇಧದ ದಿನಗಳಲ್ಲಿ ಕೊಡುವ ಪರಿಹಾರದ ಮಾತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯಲ್ಲಿ, ಬಡ ಬೆಸ್ತರ ಕುಟುಂಬವು ತಾನು 1,500 ರೂಪಾಯಿ ಕೂಡಿಟ್ಟರೆ ಸರಕಾರವು 3,000 ಸೇರಿಸಿ, ಒಟ್ಟು 4,500 ರೂಪಾಯಿಯನ್ನು ಕೆಲಸವಿಲ್ಲದ ಮೂರು ತಿಂಗಳುಗಳಿಗೆ ಕೊಡಬೇಕೆಂದು ನಿಯಮವಾಯಿತು. ಇಂಥ ಏರ್ಪಾಡು ಹುಟ್ಟಿದ್ದೇ ಒಂದು ಒಳ್ಳೇ ಮಾತು. ಯಾಕಂದರೆ ಬಲೆ ನಿಲ್ಲಿಸಿದವನಿಗೆ ಏನಾದರೂ ಸಲ್ಲಬೇಕೆಂಬ ತತ್ವವನ್ನು ಅದು ಒಪ್ಪಿಕೊಂಡಿದೆ. ಆದರೆ ಲೆಕ್ಕ ಹಾಕಿ ನೋಡಿರಿ. ಮೂರು ತಿಂಗಳಿಗೆ 4,500 ಎಂದರೆ ದಿನಕ್ಕೆ 50 ರೂಪಾಯಿ, ಅದರಲ್ಲಿ ಸುಮಾರು 17 ಅವನದೇ ಹಣ. ಐದಾರು ಬಾಯಿಗಳಿರುವ ಮನೆಗೆ 33 ರೂಪಾಯಿಯನ್ನು ಕೊಟ್ಟು, ನಾಡಿನ ಮೀನಿನ ಬೀಜವನ್ನೆಲ್ಲಾ ಕಾಯಿ ಎಂದು ಹೇಳಿದಂತಾಯಿತು. ಹೊಲ ಕಾಯುವ ಆಳಿಗೆ ಯಾವ ರೈತನೂ ಆ ಸಂಬಳವನ್ನು ಹೇಳಲು ನಾಚುವನು.

ಬೆಲೆಯನ್ನು ಸಕಾಲದಲ್ಲಿ ಕೊಡದಿದ್ದರೆ ಮುಂದೆ ಎಷ್ಟು ತೆರಬೇಕಾಗುವದೆಂಬದನ್ನು ಕಾನಡಾ ದೇಶದವರು ಬಲ್ಲರು. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬಳಿ ಕಾಡ್ ಎಂಬ ಮೀನನ್ನು ಜನರು ಸುಮಾರು ಐನೂರು ವರುಷ ಹಿಡಿದರು, ಮುಗಿಯಲಿಲ್ಲ. ಆಮೇಲೆ ಹಡಗೇ ಕಾರ್ಖಾನೆಯಾಗಿರುವಂಥ ದೊಡ್ಡ ನಾವೆಗಳು ಅನೇಕ ದೇಶಗಳಿಂದ ಬಂದವು. 1968ರಲ್ಲಿ ಒಂದೇ ವರುಷಕ್ಕೆ ಎಂಟು ಲಕ್ಷ ಟನ್ನುಗಳಷ್ಟು ಎತ್ತಿದರು. 1992ನೇ ಜುಲೈ 2ರಲ್ಲಿ ಸರಕಾರವು ಎಲ್ಲಾ ನಿಲ್ಲಿಸಿತು. ಸುಮಾರು ಮೂವತ್ತು ಸಾವಿರ ಮಂದಿ ಕೆಲಸ ಕಳಕೊಂಡರು. ಎರಡು ವರುಷದ ಮಾತೆಂದು ಹೇಳಿದ್ದರು. ತಿರುಗಿ ವ್ಯಾಪಾರಕ್ಕೆ ಬಾಗಿಲು ತೆರೆದದ್ದು 2024ರಲ್ಲಿ, ಅದೂ ಅಲ್ಪವಾಗಿ. ಎತ್ತಿದವರು ದೊಡ್ಡ ಹಡಗಿನವರು, ಕೂತವರು ಚಿಕ್ಕ ದೋಣಿಯವರು.

ನಮ್ಮ ವಾಚಕರು ಧರ್ಮೋಪದೇಶಕಾಂಡವನ್ನು ಓದಿರುವದರಿಂದ ಅದರಲ್ಲಿರುವ ಎರಡು ಚಿಕ್ಕ ವಿಧಿಗಳನ್ನು ನೆನಪಿಗೆ ತರುತ್ತೇವೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಹಕ್ಕಿಯ ಗೂಡು ಕಂಡವನು ಮರಿಯನ್ನು ತೆಗೆದುಕೊಂಡರೂ ತಾಯಿಯನ್ನು ಬಿಡಬೇಕೆಂದಿದೆ. ಇಪ್ಪತ್ತನಾಲ್ಕನೆಯದರಲ್ಲಿ ಸಾಲಕ್ಕಾಗಿ ಬಡವನ ಬೀಸುವ ಕಲ್ಲನ್ನು ಒತ್ತೆ ಹಿಡಿಯಕೂಡದೆಂದಿದೆ. ಮೊದಲನೆಯದು ಬೀಜವನ್ನು ಕಾಯುತ್ತದೆ, ಎರಡನೆಯದು ಒಲೆಯನ್ನು ಕಾಯುತ್ತದೆ. ಎರಡನ್ನೂ ಒಬ್ಬನೇ ಧರ್ಮಶಾಸ್ತ್ರಿಯು ಒಂದೇ ಜನಕ್ಕೆ ಕೊಟ್ಟನು, ಒಂದನ್ನು ಆರಿಸಿಕೊಳ್ಳಿರಿ ಎನ್ನಲಿಲ್ಲ. ಹೀಗಿರಲಾಗಿ, ನಿಷೇಧದ ದಿನಗಳಲ್ಲಿ ಸಿಕ್ಕಿಬಿದ್ದವನ ಬಲೆಯನ್ನೂ ಹರಿಗೋಲನ್ನೂ ಕಸಿದುಕೊಳ್ಳುವ ಶಿಕ್ಷೆಯ ವಿಷಯದಲ್ಲಿ ನಮಗೆ ಸಂಶಯವಿದೆ. ಅದೇ ಅವನ ಬೀಸುವ ಕಲ್ಲು. ದಂಡ ಹಾಕಲಿ, ಹಿಡಿದ ಮೀನನ್ನು ಕೊಂಡ ವ್ಯಾಪಾರಿಗೂ ಅದರ ಎರಡರಷ್ಟು ಹಾಕಲಿ.

ಸಿಂಧನೂರಿನ ಮೇಲಣ ಹೊಳೆಯಲ್ಲಿ ಇನ್ನೊಂದು ಪ್ರಯತ್ನ ನಡೆದಿದೆ. ಮುದ್ಲಾಪುರದಿಂದ ಕಂಪ್ಲಿಯ ವರೆಗಿನ 34 ಕಿಲೋಮೀಟರು ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲೆಂದು ಸಾರಿದರು. ನೀರುನಾಯಿಯೂ ಮೀನನ್ನೇ ತಿಂದು ಬದುಕುವದು. ಬಲೆಯಲ್ಲಿ ಮೀನು ಕಂಡರೆ ಬಲೆಯನ್ನು ಹರಿದು ತಿನ್ನುವದು. ಬೆಸ್ತನಿಗೆ ಅದರ ಮೇಲೆ ಪ್ರೀತಿಯಿರದಿದ್ದರೆ ಆಶ್ಚರ್ಯವೇನು? ಆದರೂ ಸಿಡಿಮದ್ದಿನಿಂದ ಇಬ್ಬರಿಗೂ ಒಂದೇ ಕೇಡು, ಮರಳು ಬಳಿದುಕೊಂಡು ಹೋದರೆ ಇಬ್ಬರಿಗೂ ಒಂದೇ ಕೇಡು. ಇಂಥ ಮೀಸಲಿನ ಆಡಳಿತಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ಅರಣ್ಯ ಇಲಾಖೆಯವರೊಂದಿಗೆ ಪ್ರತಿಯೊಂದು ಗ್ರಾಮಪಂಚಾಯತಿಯಿಂದ ಒಬ್ಬನಿರಬೇಕೆಂದು ಕಾಯಿದೆ ಹೇಳುತ್ತದೆ. ಅದು ಸಂತೋಷದ ಸಂಗತಿ. ಆದರೆ ಬೆಸ್ತನಿಗೆ ಬೆಸ್ತನೆಂಬ ಸ್ಥಾನ ಆ ಪಟ್ಟಿಯಲ್ಲಿಲ್ಲ. ಹೊಳೆಯ ವಿಷಯವಾಗಿ ಕೂಡುವ ಸಭೆಯಲ್ಲಿ ಹೊಳೆಯೊಳಗೆ ಹಗಲಿರುಳು ಇರುವವನಿಗೆ ಚಾಪೆ ಹಾಸದಿರುವದು ನಮಗೆ ಸರಿಕಾಣುವದಿಲ್ಲ. ಮಸ್ಕಿಯ ಬಂಡೆಯ ಮೇಲೆ ಇರುವ ಮಾತೂ, ಧರ್ಮವು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಎಣಿಸಬಾರದು, ಅಲ್ಪನಾದವನಿಗೂ ಸಾಧ್ಯ, ಎಂಬದೇ ಅಲ್ಲವೋ? ಮೀನನ್ನು ಕಾಯುವ ಬುದ್ಧಿ ಬೆಸ್ತನಿಗಿಲ್ಲವೆಂದು ತಿಳಿದು ಕಟ್ಟಳೆ ಮಾಡುವವರು ಆ ಗುಡ್ಡವನ್ನು ಒಮ್ಮೆ ಹತ್ತಿ ಬರುವದು ಒಳ್ಳೇದು.

ಕಾಯುವ ಬುದ್ಧಿ ಜನರಿಗೆ ಇದೆಯೆಂಬದಕ್ಕೆ ಸಾಕ್ಷಿಗಳು ಇದೇ ನೀರಿನ ಮೇಲ್ತುದಿಯಲ್ಲಿವೆ. ಶೃಂಗೇರಿಯ ಮೆಟ್ಟಲುಗಳ ಬಳಿಯೂ ತೀರ್ಥಹಳ್ಳಿಯ ಸಮೀಪದ ಚಿಪ್ಪಲಗುಡ್ಡೆಯಲ್ಲಿಯೂ ತುಂಗೆಯ ಮೀನನ್ನು ಯಾರೂ ಮುಟ್ಟುವದಿಲ್ಲ. ಅಲ್ಲಿ ಅವು ಮನುಷ್ಯರ ಕಾಲಿನ ಬಳಿಗೇ ಬರುತ್ತವೆ. ಘಟ್ಟದ ಕೆಳಗಿನ ಶಿಶಿಲದಲ್ಲಿ 1996ರಲ್ಲಿ ದುಷ್ಟರು ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಅಲ್ಲಿಯ ಜನರು ಕಾವಲನ್ನು ಬಿಡಲಿಲ್ಲ. ಇವೆಲ್ಲಾ ದೇವಸ್ಥಾನಗಳ ಭಕ್ತಿಯಿಂದ ಉಳಿದವುಗಳು. ನಮಗೆ ಇಲ್ಲಿ ಬೇಕಾದದ್ದು ಒಂದು ಹೊಳೆಯ ತುಂಡು ಬಿಡುವಿನಲ್ಲಿರುವದರಿಂದ ಉಳಿದ ಹೊಳೆ ತುಂಬುತ್ತದೆಂಬ ಅನುಭವ. ಮುಕ್ಕುಂದ, ದಢೇಸುಗೂರುಗಳ ಸುತ್ತಲೂ, ಜಲದುರ್ಗದ ಕಡೆಯಲ್ಲಿಯೂ, ಊರಿಗೊಂದು ಮಡುವನ್ನು ಬೇಸಿಗೆಯಲ್ಲಿ ಬಲೆ ಮುಟ್ಟದ ಮಡುವೆಂದು ಬಿಟ್ಟರೆ, ಹೊಸ ನೀರು ಬರುವ ತನಕ ಬೀಜಕ್ಕೆ ಮನೆಯಿರುವದು.

ಆ ಮಡುವಿಗೆ ಬೆಲೆ ಯಾರು ಕೊಡಬೇಕು? ಸರಕಾರವು ಕೊಡತಕ್ಕದ್ದನ್ನು ಕೊಡಲಿ. ಆದರೆ ನಮ್ಮ ಹಳ್ಳಿಗಳಲ್ಲಿಯೇ ಇದಕ್ಕೊಂದು ಹಳೆಯ ದಾರಿಯಿತ್ತು. ಬಡಿಗ, ಕಮ್ಮಾರ, ಅಗಸರಿಗೆ ರೈತನು ಸುಗ್ಗಿಯಲ್ಲಿ ಕಣದಿಂದಲೇ ಆಯವನ್ನು ಅಳೆದು ಕೊಡುತ್ತಿದ್ದನು. ಹೊಳೆದಂಡೆಯ ಊರುಗಳಲ್ಲಿ, ವರುಷವೆಲ್ಲಾ ಜನರನ್ನು ದಾಟಿಸಿದ್ದಕ್ಕಾಗಿ ಅಂಬಿಗನಿಗೂ ಕಾಳು ಸಲ್ಲುತ್ತಿತ್ತು. ಸೇತುವೆಗಳಾದ ಮೇಲೆ ಆ ರೂಢಿ ನಿಂತುಹೋಯಿತು. ದಾಟಿಸುವ ಕೆಲಸ ಹೋದರೂ ಕಾಯುವ ಕೆಲಸ ಬಂದಿದೆಯಲ್ಲಾ. ಹೊಳೆಯ ನೀರನ್ನು ಕಾಲುವೆಯಲ್ಲಿ ತಂದುಕೊಂಡು ಎರಡು ಬೆಳೆ ಭತ್ತ ತೆಗೆಯುವ ಊರುಗಳು, ಆ ನೀರಿಗಾಗಿ ಮೀನನ್ನೂ ಕೂಲಿಯನ್ನೂ ಕಳಕೊಂಡವನಿಗೆ ಕಣದಿಂದ ಒಂದು ಪಾಲನ್ನು ಅಳೆದರೆ ಅದು ಭಿಕ್ಷೆಯಲ್ಲ, ನೀರಿನ ಬಾಕಿ. ಮೀನು ತಿನ್ನುವವರು, ಕ್ಯಾಂಪಿನವರೇ ಆಗಲಿ ಪಟ್ಟಣದವರೇ ಆಗಲಿ, ಮುಂಗಾರಿನಲ್ಲಿ ಮೊಟ್ಟೆ ತುಂಬಿದ ಹೊಳೆಯ ಮೀನನ್ನು ಕೊಳ್ಳದೆ ಕೊಳದಲ್ಲಿ ಸಾಕಿದ್ದನ್ನು ಕೊಂಡರೆ ತಟ್ಟೆಯೂ ಬರಿದಾಗುವದಿಲ್ಲ. ಸಂತೆಯಲ್ಲಿ ಕೇಳುವವರಿಲ್ಲದ ಮೀನಿಗೆ ರಾತ್ರಿಯಲ್ಲಿ ಬಲೆ ಬೀಸುವವರೂ ಕಡಿಮೆಯಾಗುವರು.

ಯಾವ ಮಡುವನ್ನು ಬಿಡಬೇಕೆಂಬದನ್ನು ಕಚೇರಿಯ ನಕ್ಷೆಯಿಂದ ಗುರುತಿಸಲಾಗದು. ಎಲ್ಲಿ ಬೇಸಿಗೆಯ ಕೊನೆಯ ತನಕ ನೀರು ನಿಲ್ಲುವದು, ಎಲ್ಲಿ ಮೊಸಳೆಯಿರುವದು, ಎಲ್ಲಿ ಬಾಳೆಮೀನು ಅಡಗುವದು ಎಂಬದು ಹುಟ್ಟಿನಿಂದ ಆಳವನ್ನು ಅಳೆದವರಿಗೆ ಮಾತ್ರ ತಿಳಿದಿದೆ. ಮಡುವನ್ನು ಅವರೇ ಆರಿಸಲಿ, ಕಾವಲನ್ನೂ ಅವರಿಗೇ ಕೊಡಲಿ. ಎಷ್ಟು ಸೇರು ಎಂಬದನ್ನು ಭತ್ತದ ಊರುಗಳವರು ಅವರನ್ನು ಕರೆದು, ಸುಗ್ಗಿಗೆ ಮೊದಲೇ, ಒಂದೇ ಚಾಪೆಯ ಮೇಲೆ ಕೂತು ಗೊತ್ತುಮಾಡಲಿ.